ಒತ್ತಡಕ್ಕೆ 0.95, ಮಂಜಿಗೆ ಎಷ್ಟು?
ಅಂಟಾರ್ಕ್ಟಿಕದ ನೈಜಕಾಲ ಹವಾಮುನ್ಸೂಚನೆ ಮತ್ತು ಅದರ ಮೌಲ್ಯಮಾಪನ: ಒಂದು ವಿಮರ್ಶೆ

ನ್ಯೂಜಿಲೆಂಡಿನ ಕ್ರೈಸ್ಟ್‌ಚರ್ಚ್ ನಗರದಿಂದ ಅಂಟಾರ್ಕ್ಟಿಕದ ಮೆಕ್‌ಮರ್ಡೊ ನೆಲೆಗೆ ಸುಮಾರು 3,800 ಕಿಮೀ ದೂರ. ನಡುವೆ ಇರುವುದು ದಕ್ಷಿಣ ಸಾಗರ. ದಾರಿಯಲ್ಲಿ ಇಳಿಯಲು ಬೇರೆ ನಿಲ್ದಾಣವಿಲ್ಲ. ಹೀಗಾಗಿ ಈ ಮಾರ್ಗದ ಬಹುತೇಕ ಹಾರಾಟಗಳಲ್ಲಿ ಒಂದು ನಿರ್ಣಾಯಕ ಬಿಂದು ಬರುತ್ತದೆ. ಅಲ್ಲಿಯವರೆಗೆ ಹಿಂದಿರುಗಲು ಇಂಧನ ಸಾಕಾಗುತ್ತದೆ. ಅದನ್ನು ದಾಟಿದ ಮೇಲೆ ಮುಂದೆ ಹೋಗಿ ಇಳಿಯುವುದೊಂದೇ ದಾರಿ. ಆ ಬಿಂದುವಿನಲ್ಲಿ ವೈಮಾನಿಕನ ಕೈಯಲ್ಲಿರುವುದು ಮುಂದಿನ ಎರಡು ಮೂರು ಗಂಟೆಗಳ ಹವಾಮುನ್ಸೂಚನೆ ಮಾತ್ರ.

2013ರ ಅಕ್ಟೋಬರ್ 7ರಂದು ನ್ಯೂಜಿಲೆಂಡ್ ವಾಯುಪಡೆಯ ಬೋಯಿಂಗ್ 757 ವಿಮಾನವೊಂದು ಸುಮಾರು 130 ಮಂದಿಯನ್ನು ಹೊತ್ತು ಈ ಬಿಂದುವನ್ನು ದಾಟಿತು. ಆಗ ಕೈಯಲ್ಲಿದ್ದ ಮುನ್ಸೂಚನೆಯ ಪ್ರಕಾರ ಇಳಿಯಲು ತೊಂದರೆಯಿರಲಿಲ್ಲ. ವಿಮಾನ ಮೆಕ್‌ಮರ್ಡೊ ಬಳಿಯ ಪೆಗಾಸಸ್ ರನ್‌ವೇಯನ್ನು ಸಮೀಪಿಸುವ ಹೊತ್ತಿಗೆ ದಟ್ಟಮಂಜು ಕವಿದಿತ್ತು. ಮೊದಲ ಯತ್ನ ಫಲಿಸಲಿಲ್ಲ. ಹಿಂದಿರುಗುವಂತೆಯೂ ಇರಲಿಲ್ಲ. ಕೊನೆಗೆ ನಿಯಮ ಒಪ್ಪುವ ಕನಿಷ್ಠ ಮಿತಿಗಿಂತ ಕಡಿಮೆ ಗೋಚರತೆಯಲ್ಲೇ ಅದನ್ನು ಇಳಿಸಬೇಕಾಯಿತು. ಯಾರಿಗೂ ಗಾಯವಾಗಲಿಲ್ಲ. ನ್ಯೂಜಿಲೆಂಡಿನ ಸಾರಿಗೆ ಅಪಘಾತ ತನಿಖಾ ಆಯೋಗ ಈ ಪ್ರಕರಣವನ್ನು ವಿಚಾರಿಸಿ ವರದಿ ಪ್ರಕಟಿಸಿತು. (ಪೆಗಾಸಸ್ ರನ್‌ವೇ ಈಗ ಬಳಕೆಯಲ್ಲಿಲ್ಲ.)

ಆ ದಿನದ ತಪ್ಪನ್ನು ಯಾವುದೋ ಒಂದು ಗಣಕ ಮಾದರಿಯ ತಲೆಗೆ ಕಟ್ಟುವುದು ಈ ಲೇಖನದ ಉದ್ದೇಶವಲ್ಲ. ಮುನ್ಸೂಚನೆ ಕೊಡುವವರು ಮನುಷ್ಯರು. ಅವರು ಉಪಗ್ರಹ ಚಿತ್ರ, ಕೇಂದ್ರಗಳ ವರದಿ, ಅನುಭವ ಎಲ್ಲವನ್ನೂ ಕೂಡಿಸಿ ನಿರ್ಧರಿಸುತ್ತಾರೆ. ಮಾದರಿ ಅವುಗಳಲ್ಲಿ ಒಂದು. ಆದರೆ ಇಲ್ಲೊಂದು ಪ್ರಶ್ನೆ ಏಳುತ್ತದೆ. ಅಂಟಾರ್ಕ್ಟಿಕಕ್ಕೆಂದೇ ರೂಪಿಸಿದ ಮಾದರಿಗಳನ್ನು ಅವುಗಳ ನಿರ್ಮಾಪಕರೂ ಇತರರೂ ಎರಡು ದಶಕಗಳಿಂದ ಪರೀಕ್ಷಿಸಿ ಅಂಕ ಕೊಡುತ್ತ ಬಂದಿದ್ದಾರೆ. ಅಂಕಗಳು ಚೆನ್ನಾಗಿಯೇ ಇವೆ. ಆ ಪರೀಕ್ಷೆ ಕೇಳಿದ ಪ್ರಶ್ನೆಯೂ ವೈಮಾನಿಕ ಕೇಳುವ ಪ್ರಶ್ನೆಯೂ ಒಂದೇ ಏನು?

ಮಾದರಿಯ ಹುಟ್ಟು

ಇಂತಹ ಮಾದರಿಗಳಲ್ಲಿ ಹೆಸರಾದುದು ಆಂಪ್ಸ್. ಅಂಟಾರ್ಕ್ಟಿಕದ ಮಧ್ಯಮ ಪ್ರಮಾಣದ ಹವಾಘಟನೆಗಳನ್ನು ಮುಂದಾಗಿ ಹೇಳುವ ವ್ಯವಸ್ಥೆ ಎಂಬುದು ಆ ಹೆಸರಿನ ಅರ್ಥ. ಅಮೆರಿಕದ ಕೊಲರಾಡೊ ರಾಜ್ಯದ ಬೋಲ್ಡರ್‌ನಲ್ಲಿರುವ ರಾಷ್ಟ್ರೀಯ ವಾಯುಮಂಡಲ ಸಂಶೋಧನ ಕೇಂದ್ರ ಮತ್ತು ಒಹಾಯೊ ರಾಜ್ಯ ವಿಶ್ವವಿದ್ಯಾಲಯದ ಬರ್ಡ್ ಧ್ರುವ ಸಂಶೋಧನ ಕೇಂದ್ರ ಸೇರಿ 2000ದಲ್ಲಿ ಇದನ್ನು ಆರಂಭಿಸಿದವು. ಮೆಕ್‌ಮರ್ಡೊದಲ್ಲಿ ಕುಳಿತು ವಿಮಾನಗಳಿಗೆ ಹವಾಮಾನ ಹೇಳುವವರಿಗೆ ನೆರವಾಗುವುದು ಅದರ ಮೊದಲ ಉದ್ದೇಶ.

ಇಡೀ ಭೂಮಿಯ ಹವಾಮಾನವನ್ನು ಲೆಕ್ಕ ಹಾಕುವ ಜಾಗತಿಕ ಮಾದರಿಗಳು ಆಗಲೇ ಇದ್ದವು. ಅವುಗಳ ಜಾಲ ಒರಟು. ಕಣಿವೆ, ದ್ವೀಪ, ಹಿಮದ ಇಳಿಜಾರು ಅದರ ಕಣ್ಣಿಗೆ ಬೀಳುವುದಿಲ್ಲ. ಪ್ರಾದೇಶಿಕ ಮಾದರಿ ಜಾಗತಿಕ ಮಾದರಿಯಿಂದ ಆರಂಭದ ಸ್ಥಿತಿಯನ್ನೂ ಅಂಚಿನ ಸ್ಥಿತಿಯನ್ನೂ ಪಡೆದು, ತನ್ನ ಎಲ್ಲೆಯ ಒಳಗೆ ಹೆಚ್ಚು ನವಿರಾದ ಜಾಲದಲ್ಲಿ ಲೆಕ್ಕ ನಡೆಸುತ್ತದೆ. ಆಂಪ್ಸ್‌ನ ಮೊದಲ ವರ್ಷಗಳಲ್ಲಿ ದಕ್ಷಿಣ ಗೋಳಾರ್ಧದ ದೊಡ್ಡ ಭಾಗಕ್ಕೆ 90 ಕಿಮೀ ಅಂತರದ ಜಾಲ, ಅದರೊಳಗೆ ಖಂಡಕ್ಕೆ 30 ಕಿಮೀ, ಮತ್ತೆ ಒಳಗೆ 10 ಕಿಮೀ, ಮೆಕ್‌ಮರ್ಡೊ ಸುತ್ತ 3.3 ಕಿಮೀ ಹೀಗೆ ಡಬ್ಬಿಯೊಳಗೆ ಡಬ್ಬಿ ಇಟ್ಟ ಹಾಗೆ ಜಾಲಗಳಿದ್ದವು. ಬರಬರುತ್ತ ಅವು ಇನ್ನೂ ನವಿರಾದವು. ಹತ್ತು ವರ್ಷಗಳ ಹಿಂದಿನ ಹೊತ್ತಿಗೆ ಖಂಡದ ಜಾಲ 10 ಕಿಮೀಗೆ, ಮೆಕ್‌ಮರ್ಡೊ ಜಾಲ 1.1 ಕಿಮೀಗೆ ಇಳಿದಿತ್ತು.

ಜಾಲದ ಅಂತರವನ್ನು ಮೂರನೆಯ ಒಂದಕ್ಕೆ ಇಳಿಸಿದರೆ ಅದೇ ಕ್ಷೇತ್ರದಲ್ಲಿ ಬಿಂದುಗಳ ಸಂಖ್ಯೆ ಒಂಬತ್ತು ಪಟ್ಟಾಗುತ್ತದೆ. ಲೆಕ್ಕ ಕುಸಿಯದಿರಬೇಕಾದರೆ ಕಾಲದ ಹೆಜ್ಜೆಯನ್ನೂ ಮೂರನೆಯ ಒಂದಕ್ಕೆ ಇಳಿಸಬೇಕು. ಒಟ್ಟು ಕೆಲಸ 27 ಪಟ್ಟು. ನೈಜಕಾಲದ ಮುನ್ಸೂಚನೆಗೆ ಈ ಗುಣಾಕಾರವೇ ದೊಡ್ಡ ಶತ್ರು. ಸಂಶೋಧಕನಿಗೆ ಲೆಕ್ಕ ಮುಗಿಯಲು ಒಂದು ವಾರ ಹಿಡಿದರೂ ನಡೆದೀತು. ದಿನಕ್ಕೆ ಎರಡು ಬಾರಿ, ಗ್ರಿನಿಚ್ ಕಾಲಮಾನದ 0 ಗಂಟೆ ಮತ್ತು 12 ಗಂಟೆಯ ಸ್ಥಿತಿಯಿಂದ ಹೊರಟು, ವಿಮಾನ ಏರುವ ಮೊದಲು ಉತ್ತರ ಕೊಡಬೇಕಾದ ವ್ಯವಸ್ಥೆಗೆ ಆ ಐಷಾರಾಮವಿಲ್ಲ. ನಾಳೆ ಬೆಳಗಿನ ಹವಾಮಾನವನ್ನು ನಾಳೆ ಸಂಜೆ ಹೇಳುವ ಮಾದರಿ ಎಷ್ಟೇ ನಿಖರವಾಗಿದ್ದರೂ ಅದು ಚರಿತ್ರೆ. ಈ ಅಂಶವನ್ನು ಓದುಗರು ನೆನಪಿಡಬೇಕು. ಮೋಡಗಳ ವಿಷಯಕ್ಕೆ ಬಂದಾಗ ಇದು ಮತ್ತೆ ಎದುರಾಗುತ್ತದೆ.

ಧ್ರುವಕ್ಕೆ ಒಗ್ಗಿಸುವುದು

ಆಂಪ್ಸ್‌ನ ಹೃದಯದಲ್ಲಿದ್ದುದು ಎಂಎಂ5 ಎಂಬ ಮಾದರಿಯ ಧ್ರುವೀಯ ರೂಪ. ಪೆನ್ಸಿಲ್ವೇನಿಯಾ ರಾಜ್ಯ ವಿಶ್ವವಿದ್ಯಾಲಯ ಮತ್ತು ಬೋಲ್ಡರ್ ಕೇಂದ್ರ ಮಧ್ಯ ಅಕ್ಷಾಂಶಗಳನ್ನು ಮನಸ್ಸಿನಲ್ಲಿಟ್ಟು ಬೆಳೆಸಿದ ಮಾದರಿ ಅದು. 2000ದ ದಶಕದ ಕೊನೆಗೆ ಅದರ ಸ್ಥಾನಕ್ಕೆ ಡಬ್ಲ್ಯುಆರ್‌ಎಫ್ ಎಂಬ ಹೊಸ ಮಾದರಿ ಬಂದಿತು. ಎರಡನ್ನೂ ಧ್ರುವಕ್ಕೆ ಒಗ್ಗಿಸುವ ಕೆಲಸದಲ್ಲಿ ಒಹಾಯೊದ ಡೇವಿಡ್ ಬ್ರಾಮ್‌ವಿಚ್ ಮತ್ತು ಸಂಗಡಿಗರ ಪಾತ್ರ ಹಿರಿದು.

ಒಗ್ಗಿಸುವುದು ಎಂದರೆ ಏನು? ಹಿಮದ ನೆಲ ಬಿಸಿಲನ್ನು ಬಹುಮಟ್ಟಿಗೆ ಹಿಂದಕ್ಕೆ ಕಳಿಸುತ್ತದೆ. ತನ್ನ ಶಾಖವನ್ನು ಮಾತ್ರ ಸತತವಾಗಿ ಆಕಾಶಕ್ಕೆ ಹೊರಸೂಸುತ್ತದೆ. ಅದಕ್ಕೆ ತಾಗಿದ ಗಾಳಿ ತಣ್ಣಗಾಗುತ್ತದೆ. ಮೇಲೆ ಹೋದಂತೆ ತಣ್ಣಗಾಗಬೇಕಾದ ಗಾಳಿ ಇಲ್ಲಿ ಮೇಲೆ ಹೋದಂತೆ ಬೆಚ್ಚಗಾಗುತ್ತದೆ. ಇದೇ ಉಷ್ಣತಾ ವಿಲೋಮ. ಚಳಿಗಾಲದ ಮುಂಜಾನೆ ಒಲೆಯ ಹೊಗೆ ಮೇಲೇರದೆ ಸೂರಿನ ಎತ್ತರದಲ್ಲೇ ಹರಡಿ ನಿಲ್ಲುವುದು ಅದರ ಚಿಕ್ಕ ರೂಪ. ಅಂಟಾರ್ಕ್ಟಿಕದ ಎತ್ತರದ ಪ್ರಸ್ಥಭೂಮಿಯಲ್ಲಿ ಚಳಿಗಾಲದಲ್ಲಿ ನೆಲಕ್ಕೂ ಕೆಲವು ನೂರು ಮೀಟರು ಮೇಲಕ್ಕೂ 20 ಡಿಗ್ರಿ ಸೆಲ್ಸಿಯಸ್‌ಗಿಂತ ಹೆಚ್ಚು ವ್ಯತ್ಯಾಸ ಇರುವುದುಂಟು. ಹೀಗೆ ತಣಿದು ಭಾರವಾದ ಗಾಳಿ ಹಿಮದ ಇಳಿಜಾರಿನ ಮೇಲೆ ನೀರಿನಂತೆ ಕೆಳಕ್ಕೆ ಜಾರುತ್ತದೆ. ಕೆಟಬ್ಯಾಟಿಕ್ ಎನ್ನುವ ಈ ಇಳಿಗಾಳಿ ಕರಾವಳಿಯ ಕಣಿವೆಗಳಲ್ಲಿ ಒಟ್ಟುಗೂಡಿ ಬಿರುಗಾಳಿಯಾಗುತ್ತದೆ. ಡಗ್ಲಸ್ ಮಾಸನ್ನನ ತಂಡ 1912ರಲ್ಲಿ ನೆಲೆಸಿದ್ದ ಕೇಪ್ ಡೆನಿಸನ್‌ನಲ್ಲಿ ವರ್ಷದ ಸರಾಸರಿ ಗಾಳಿವೇಗವೇ ಸೆಕೆಂಡಿಗೆ ಸುಮಾರು 19 ಮೀಟರು, ಅಂದರೆ ಗಂಟೆಗೆ ಹತ್ತಿರ ಹತ್ತಿರ 70 ಕಿಮೀ. ಸರಾಸರಿ ಎಂಬ ಮಾತನ್ನು ಗಮನಿಸಿ.

ಹಾಗಾಗಿ ಮಾದರಿಯಲ್ಲಿ ಹಿಮದ ಪದರಗಳ ಮೂಲಕ ಶಾಖ ಸಾಗುವ ಲೆಕ್ಕ, ಕಲಕದೆ ನಿಲ್ಲುವ ತೆಳು ಗಾಳಿಪದರದ ಲೆಕ್ಕ, ಒಂದು ಜಾಲಚೌಕದಲ್ಲಿ ಸ್ವಲ್ಪ ಕಡಲಹಿಮ ಸ್ವಲ್ಪ ತೆರೆದ ನೀರು ಇರಬಹುದೆಂಬ ಅವಕಾಶ, ಹಿಮಕಣಗಳ ಮೋಡ ಮತ್ತು ವಿಕಿರಣದ ಸಂಬಂಧ ಇವೆಲ್ಲವನ್ನೂ ತಿದ್ದಬೇಕಾಯಿತು. ಈ ತಿದ್ದುಪಡಿಗಳು ವ್ಯರ್ಥವಾಗಲಿಲ್ಲ. 2001ರ ಏಪ್ರಿಲ್‌ನಲ್ಲಿ ದಕ್ಷಿಣ ಧ್ರುವದ ನೆಲೆಯಲ್ಲಿದ್ದ ವೈದ್ಯರೇ ಕಾಯಿಲೆ ಬಿದ್ದಾಗ, ಸೂರ್ಯ ಮುಳುಗಿ ತಿಂಗಳಾಗಿದ್ದ ಆ ಕಗ್ಗತ್ತಲ ಚಳಿಯಲ್ಲಿ ಟ್ವಿನ್ ಆಟರ್ ಎಂಬ ಪುಟ್ಟ ವಿಮಾನ ಹೋಗಿ ಅವರನ್ನು ಕರೆತಂದಿತು. ಮರುವರ್ಷ ಮಗ್ಡಲೀನಾ ಓಲ್ಡೆನ್‌ಡಾರ್ಫ್ ಎಂಬ ಹಡಗು ಕಡಲಹಿಮದಲ್ಲಿ ಸಿಕ್ಕಿಬಿದ್ದಾಗಲೂ ರಕ್ಷಣಾಕಾರ್ಯ ನಡೆಯಿತು. ಎರಡರಲ್ಲೂ ಆಂಪ್ಸ್‌ನ ಮುನ್ಸೂಚನೆಗಳನ್ನು ಬಳಸಿದರು. ಪ್ರಾಯೋಗಿಕ ಎಂಬ ಹಣೆಪಟ್ಟಿಯೊಂದಿಗೆ ಹೊರಟ ಯೋಜನೆಗೆ ಇದು ಸಣ್ಣ ಸಾಧನೆಯಲ್ಲ.

ಅಂಕಪಟ್ಟಿ

ಈಗ ಪರೀಕ್ಷೆಯ ವಿಷಯ. 2005ರಲ್ಲಿ ಬ್ರಾಮ್‌ವಿಚ್ ಮತ್ತು ಮೂವರು ಸಹೋದ್ಯೋಗಿಗಳು ಆಂಪ್ಸ್‌ನ ಮೊದಲ ವಿಸ್ತಾರವಾದ ಮೌಲ್ಯಮಾಪನವನ್ನು ಪ್ರಕಟಿಸಿದರು. 2001ರ ಸೆಪ್ಟೆಂಬರ್‌ನಿಂದ 2003ರ ಆಗಸ್ಟ್‌ವರೆಗಿನ ಎರಡು ವರ್ಷಗಳ 30 ಕಿಮೀ ಜಾಲದ ಮುನ್ಸೂಚನೆಗಳನ್ನು ಜನರಿರುವ ನೆಲೆಗಳ ಮತ್ತು ಸ್ವಯಂಚಾಲಿತ ಕೇಂದ್ರಗಳ ಅಳತೆಗಳೊಂದಿಗೆ ಹೋಲಿಸಿದರು. 12ರಿಂದ 36 ಗಂಟೆ ಮುಂದಿನ ಮುನ್ಸೂಚನೆಯಲ್ಲಿ ಬಹುತೇಕ ಕೇಂದ್ರಗಳಲ್ಲಿ ನೆಲಮಟ್ಟದ ಒತ್ತಡದ ಸಹಸಂಬಂಧ ಗುಣಾಂಕ 0.95ಕ್ಕಿಂತ ಹೆಚ್ಚು. ನೆಲದ ಸಮೀಪದ ಉಷ್ಣತೆಗೆ 0.75ಕ್ಕಿಂತ ಹೆಚ್ಚು. ಗಾಳಿವೇಗಕ್ಕೆ ಸಾಮಾನ್ಯವಾಗಿ 0.5ರಿಂದ 0.6; ಜೊತೆಗೆ ಮಾದರಿಯ ಗಾಳಿ ನಿಜದ ಗಾಳಿಗಿಂತ ಸೆಕೆಂಡಿಗೆ 1ರಿಂದ 2 ಮೀಟರು ಹೆಚ್ಚು.

ಇದು ಪ್ರಾಮಾಣಿಕವಾದ ಕೆಲಸ. ತಮ್ಮದೇ ಮಾದರಿಯ ದೌರ್ಬಲ್ಯಗಳನ್ನು ಲೇಖಕರು ಮುಚ್ಚಿಟ್ಟಿಲ್ಲ. ಋತುವಿನಿಂದ ಋತುವಿಗೆ ಸಾಮರ್ಥ್ಯ ಹೆಚ್ಚು ಬದಲಾಗುವುದಿಲ್ಲವೆಂದು ನೋಡಿ ಹೇಳಿದ್ದಾರೆ. ಒಂದು ಸ್ವಾರಸ್ಯಕರ ವಿಚಿತ್ರವನ್ನೂ ತೋರಿಸಿದ್ದಾರೆ. ಮುನ್ಸೂಚನೆ ಮುಂದಕ್ಕೆ ಹೋದಂತೆ ಕೆಡುವುದು ಸಹಜ. ಆದರೆ ಒತ್ತಡ ಮಾತ್ರ ಮೊದಲ ಕೆಲವು ಗಂಟೆಗಳಲ್ಲಿ ಸ್ವಲ್ಪ ಸುಧಾರಿಸುತ್ತದೆ. ಎತ್ತರದ ಹಿಮಭೂಮಿಯ ಮೇಲೆ ಆರಂಭದ ಒತ್ತಡವನ್ನು ನಿಗದಿಪಡಿಸುವಾಗಲೇ ದೋಷ ನುಸುಳಿರುತ್ತದೆ, ಮಾದರಿ ತನ್ನ ಭೌತಶಾಸ್ತ್ರದ ಬಲದಿಂದ ಅದನ್ನು ಕೆಲಮಟ್ಟಿಗೆ ತಿದ್ದಿಕೊಳ್ಳುತ್ತದೆ. ಮುನ್ಸೂಚನೆ ತನ್ನ ಆರಂಭಕ್ಕಿಂತ ಸರಿಯಾಗಿರಬಹುದೆಂಬುದನ್ನು ತರಗತಿಯಲ್ಲಿ ಹೇಳಲು ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗದು.

ಆದರೂ ಅಂಕಪಟ್ಟಿಯನ್ನು ಓದುವಾಗ ಎಚ್ಚರ ಬೇಕು. 0.95 ಎಂದರೆ ನೂರಕ್ಕೆ 95 ಅಂಕವಲ್ಲ. ಸಹಸಂಬಂಧ ಗುಣಾಂಕ ಹೇಳುವುದು ಎರಡು ಸಾಲುಗಳು ಒಟ್ಟಿಗೆ ಏರಿಳಿಯುತ್ತವೆಯೇ ಎಂಬುದನ್ನು ಮಾತ್ರ. ಮಾದರಿ ಪ್ರತಿದಿನವೂ 10 ಡಿಗ್ರಿ ಹೆಚ್ಚು ತೋರಿಸಿದರೂ, ಏರಿಳಿತ ಸರಿಯಾಗಿದ್ದರೆ, ಗುಣಾಂಕ 1 ಆಗಬಹುದು. ಸರಾಸರಿ ದೋಷವನ್ನು ಬೇರೆಯಾಗಿ ಕೊಡುವುದು ಇದಕ್ಕಾಗಿಯೇ, ಲೇಖಕರು ಕೊಟ್ಟಿದ್ದಾರೆ.

ಎರಡನೆಯದಾಗಿ, ಒತ್ತಡ ಸುಲಭದ ಪ್ರಶ್ನೆ. ಒಂದು ವಾಯುಭಾರ ಕುಸಿತದ ಅಗಲ ಸಾವಿರ ಕಿಮೀ ಆಸುಪಾಸು. ಅದನ್ನು ಜಾಗತಿಕ ಮಾದರಿಯೇ ಹಿಡಿದಿರುತ್ತದೆ. ಪ್ರಾದೇಶಿಕ ಮಾದರಿ ಅಂಚಿನಿಂದ ಅದನ್ನು ಎರವಲು ಪಡೆಯುತ್ತದೆ. ಎರವಲು ತಂದ ವಿದ್ಯೆಗೆ ಪೂರ್ತಿ ಅಂಕ ಕೊಡುವುದು ನ್ಯಾಯವೇ? ಪ್ರಾದೇಶಿಕ ಮಾದರಿ ತಾನೇ ದುಡಿಯಬೇಕಾದುದು ಗಾಳಿಯಲ್ಲಿ, ಮೋಡದಲ್ಲಿ, ಮಂಜಿನಲ್ಲಿ. ಅಲ್ಲಿ ಅಂಕ ಇಳಿಯುತ್ತದೆ, ಇಲ್ಲವೆ ಪಟ್ಟಿಯಲ್ಲಿ ಆ ವಿಷಯವೇ ಹಿಂದೆ ಸರಿಯುತ್ತದೆ.

ಹಿಂದೆ ಸರಿಯಲು ಕಾರಣ ಕಷ್ಟವೇನಲ್ಲ. ಅಳೆಯದಿರುವುದನ್ನು ಹೋಲಿಸಲಾಗದು. ಅಂಟಾರ್ಕ್ಟಿಕದ ವಿಸ್ತೀರ್ಣ ಸುಮಾರು 140 ಲಕ್ಷ ಚದರ ಕಿಮೀ, ಭಾರತದ ನಾಲ್ಕು ಪಟ್ಟಿಗೂ ಹೆಚ್ಚು. ಜನರಿರುವ ನೆಲೆಗಳಲ್ಲಿ ಬಹುಪಾಲು ಕರಾವಳಿಯಲ್ಲಿವೆ. ಒಳನಾಡಿನ ಸುದ್ದಿ ಹೇಳುವವು ವಿಸ್ಕಾನ್ಸಿನ್ ವಿಶ್ವವಿದ್ಯಾಲಯ 1980ರಿಂದ ನೆಡುತ್ತ ಬಂದ ಸ್ವಯಂಚಾಲಿತ ಕೇಂದ್ರಗಳು ಮತ್ತು ಇತರ ದೇಶಗಳ ಅಂತಹವೇ ಕೆಲವು ಕಂಬಗಳು. ಅವು ಒತ್ತಡ, ಉಷ್ಣತೆ, ಗಾಳಿ ಅಳೆಯುತ್ತವೆ. ಮೋಡ ನೋಡುವ ಕಣ್ಣು ಸಾಮಾನ್ಯವಾಗಿ ಅವುಗಳಿಗಿಲ್ಲ. ವರ್ಷದಿಂದ ವರ್ಷಕ್ಕೆ ಹಿಮ ಬಿದ್ದು ಕಂಬ ಕುಳ್ಳಾಗುತ್ತದೆ. ಮೂರು ಮೀಟರು ಎತ್ತರದ ಗಾಳಿ ಎಂದು ಬರೆದುಕೊಂಡದ್ದು ಒಂದೂವರೆ ಮೀಟರಿನದಾಗಿರಬಹುದು. ಗಾಳಿಮಾಪಕ ಹೆಪ್ಪುಗಟ್ಟಿ ಸೊನ್ನೆ ತೋರಿಸುವುದೂ ಉಂಟು. ಮಾದರಿ ಹೆಚ್ಚು ಗಾಳಿ ತೋರಿಸಿತು ಎನ್ನುವಾಗ ಅದರಲ್ಲಿ ಕಂಬದ ಪಾಲೆಷ್ಟು ಎಂಬುದನ್ನೂ ಕೇಳಬೇಕು.

ಇಲ್ಲಿ ಒಂದು ಹಳೆಯ ಸಂಗತಿ ನೆನಪಾಗುತ್ತದೆ. ಮೆಕ್‌ಮರ್ಡೊ ಪ್ರದೇಶದ ಹವಾಮಾನವನ್ನು ಮೊದಲು ಕ್ರಮಬದ್ಧವಾಗಿ ಅಳೆದವರಲ್ಲಿ ಪ್ರಮುಖನಾದ ಜಾರ್ಜ್ ಸಿಂಪ್ಸನ್ ಭಾರತದ ಹವಾಮಾನ ಇಲಾಖೆಯವನು. ಸಿಮ್ಲಾದಿಂದ ಸ್ಕಾಟ್‌ನ 1910ರ ಯಾತ್ರೆಗೆ ಹೋಗಿ ಮರಳಿ ಸಿಮ್ಲಾಕ್ಕೇ ಬಂದನು. ಅವನ ಅಂಟಾರ್ಕ್ಟಿಕ ಹವಾಮಾನದ ವಿಶ್ಲೇಷಣೆ 1919ರಲ್ಲಿ ಅಚ್ಚಾದದ್ದು ಕಲ್ಕತ್ತೆಯಲ್ಲಿ. ಆ ಸಂಪುಟದ ಅಂಕಿ ಅಂಶಗಳನ್ನು ಇಂದಿಗೂ ಬಳಸುತ್ತಾರೆ. ಮಾದರಿಗಳು ಐದು ವರ್ಷಕ್ಕೊಮ್ಮೆ ಹಳತಾಗುತ್ತವೆ, ಒಳ್ಳೆಯ ಅಳತೆ ನೂರು ವರ್ಷ ಬಾಳುತ್ತದೆ.

ನವಿರಾದ ಜಾಲಕ್ಕೆ ದುಪ್ಪಟ್ಟು ದಂಡ

2005ರ ಅಧ್ಯಯನದ ಇನ್ನೊಂದು ಭಾಗ ನನಗೆ ಹೆಚ್ಚು ಮುಖ್ಯವೆನಿಸುತ್ತದೆ. ಮೆಕ್‌ಮರ್ಡೊ ಇರುವುದು ರಾಸ್ ದ್ವೀಪದಲ್ಲಿ. ದ್ವೀಪದ ವಿಸ್ತೀರ್ಣ ಸುಮಾರು 2,460 ಚದರ ಕಿಮೀ. 30 ಕಿಮೀ ಜಾಲದ ಒಂದು ಚೌಕ 900 ಚದರ ಕಿಮೀ. ಇಡೀ ದ್ವೀಪಕ್ಕೆ ಮೂರು ಚೌಕವೂ ಪೂರ್ತಿ ಸಿಗದು. 3,794 ಮೀಟರು ಎತ್ತರದ ಎರೆಬಸ್ ಜ್ವಾಲಾಮುಖಿ ಆ ಲೆಕ್ಕದಲ್ಲಿ ಒಂದು ಉಬ್ಬು ಮಾತ್ರ. 3.3 ಕಿಮೀ ಜಾಲದಲ್ಲಿ ಅದೇ ದ್ವೀಪಕ್ಕೆ ಇನ್ನೂರಕ್ಕೂ ಹೆಚ್ಚು ಚೌಕಗಳು ಸಿಗುತ್ತವೆ. ಗಾಳಿ ದ್ವೀಪವನ್ನು ಬಳಸಿ ಹೋಗುವುದು, ಮರೆಯಲ್ಲಿ ಸಣ್ಣ ಸುಳಿ ಹುಟ್ಟುವುದು ಆಗ ಕಾಣತೊಡಗುತ್ತದೆ. 3.3 ಕಿಮೀ ಜಾಲ 10 ಕಿಮೀ ಜಾಲಕ್ಕಿಂತ ಗಾಳಿಯ ಬದಲಾವಣೆಗಳಿಗೆ ಚೆನ್ನಾಗಿ ಸ್ಪಂದಿಸುತ್ತದೆ, ರನ್‌ವೇಗಳಿರುವ ಕಡೆ ಇದು ಒಟ್ಟಾರೆ ಸುಧಾರಣೆ ಎಂದು ಲೇಖಕರು ಹೇಳುತ್ತಾರೆ. ಆದರೆ ಅಲ್ಲಿ ಸಹಸಂಬಂಧ ಇನ್ನೂ ಕಡಿಮೆಯೇ ಎಂದೂ ಒಪ್ಪುತ್ತಾರೆ.

ಏಕೆ ಹೀಗೆ? ಒಂದು ಕಾಲ್ಪನಿಕ ಲೆಕ್ಕ ಮಾಡೋಣ. ಆರು ಗಂಟೆಗಳ ಕಾಲ ಅಳೆದ ಗಾಳಿವೇಗ ಸೆಕೆಂಡಿಗೆ 5, 5, 20, 5, 5, 5 ಮೀಟರು ಎಂದಿರಲಿ. ಮೂರನೆಯ ಗಂಟೆಯಲ್ಲಿ ಒಂದು ಬಿರುಸು. ಮಾದರಿ ಅ ಒರಟಾದದ್ದು. ಆರೂ ಗಂಟೆ 7.5 ಎನ್ನುತ್ತದೆ. ಮಾದರಿ ಆ ನವಿರಾದದ್ದು. ಬಿರುಸನ್ನು ಸರಿಯಾದ ಬಲದಲ್ಲಿ ತೋರಿಸುತ್ತದೆ, ಆದರೆ ಒಂದು ಗಂಟೆ ತಡವಾಗಿ: 5, 5, 5, 20, 5, 5. ದೋಷಗಳ ವರ್ಗಗಳ ಸರಾಸರಿ ತೆಗೆದು ವರ್ಗಮೂಲ ಕಂಡುಹಿಡಿಯಿರಿ. ಮಾದರಿ ಅಕ್ಕೆ 5.6, ಮಾದರಿ ಆಕ್ಕೆ 8.7. ಮಾದರಿ ಆದ ಸಹಸಂಬಂಧ ಗುಣಾಂಕ ತೆಗೆದರೆ ಋಣ 0.2 ಬರುತ್ತದೆ! ಬಿರುಸಿನ ಸುಳಿವೇ ಇಲ್ಲದ ಮಾದರಿ ಜಾಣ, ಬಿರುಸನ್ನು ಎಚ್ಚರಿಸಿದ ಮಾದರಿ ದಡ್ಡ. ಬಂದ ಗಂಟೆಯಲ್ಲಿ ತೋರಿಸದ್ದಕ್ಕೆ ಒಂದು ದಂಡ, ಬಾರದ ಗಂಟೆಯಲ್ಲಿ ತೋರಿಸಿದ್ದಕ್ಕೆ ಇನ್ನೊಂದು ದಂಡ. ಹವಾಶಾಸ್ತ್ರಜ್ಞರು ಇದನ್ನು ದುಪ್ಪಟ್ಟು ದಂಡ ಎಂದೇ ಕರೆಯುತ್ತಾರೆ.

ವಿಮಾನ ಹಾರಿಸುವವನನ್ನು ಕೇಳಿ, ಎರಡರಲ್ಲಿ ಯಾವ ಮಾದರಿ ಬೇಕೆಂದು. ಮಧ್ಯಾಹ್ನ ಬಿರುಗಾಳಿ ಇದೆ, ಹೊತ್ತು ಒಂದು ಗಂಟೆ ಆಚೀಚೆಯಾದೀತು ಎಂದರೆ ಅವನು ಪ್ರಯಾಣವನ್ನೇ ಮುಂದೂಡಬಲ್ಲ. ದಿನವಿಡೀ ಸಾಧಾರಣ ಗಾಳಿ ಎಂಬ ಸಮಾಧಾನದ ಮಾತು ಅವನಿಗೆ ಅಪಾಯಕಾರಿ. ಸಹಸಂಬಂಧವನ್ನೇ ಮುಖ್ಯ ಮಾನದಂಡವಾಗಿ ಇಟ್ಟುಕೊಂಡರೆ ಮೌಲ್ಯಮಾಪನವು ಅಂಜುಬುರುಕ ಮಾದರಿಗಳಿಗೆ ಬಹುಮಾನ ಕೊಡುತ್ತದೆ ಎಂಬುದು ನನ್ನ ಮೊದಲ ಆಕ್ಷೇಪ.

ಎರಡು ತಪ್ಪು ಸೇರಿ ಒಂದು ಸರಿ

ಮೋಡಗಳ ಕಥೆ ಇನ್ನೂ ಪಾಠ ಕಲಿಸುವಂಥದು. 2015ರಲ್ಲಿ ಬ್ರಿಟನ್ನಿನ ಜಾನ್ ಕಿಂಗ್ ಮತ್ತು ಸಂಗಡಿಗರು ಅಂಟಾರ್ಕ್ಟಿಕ ಪರ್ಯಾಯದ್ವೀಪದ ಲಾರ್ಸೆನ್ ಸಿ ಹಿಮಚಾಚಿನ ಮೇಲೆ ಬೇಸಿಗೆಯ ಒಂದು ತಿಂಗಳ ವಿಕಿರಣದ ಅಳತೆಗಳನ್ನು ಮೂರು ಮಾದರಿಗಳೊಂದಿಗೆ ಹೋಲಿಸಿದರು. ಆಂಪ್ಸ್ ಅವುಗಳಲ್ಲಿ ಒಂದು. ಮೂರರಲ್ಲೂ ನೆಲ ಹೀರುವ ಬಿಸಿಲು ನಿಜಕ್ಕಿಂತ ಹೆಚ್ಚು. ಮೂರರಲ್ಲೂ ದೀರ್ಘತರಂಗ ವಿಕಿರಣದ ಲೆಕ್ಕದಲ್ಲಿ ನೆಲಕ್ಕೆ ನಿಜಕ್ಕಿಂತ ಹೆಚ್ಚು ನಷ್ಟ. ಒಂದು ಹೆಚ್ಚಾದಾಗ ಇನ್ನೊಂದೂ ಹೆಚ್ಚುತ್ತಿತ್ತು.

ಇದರ ಅರ್ಥ ತಿಳಿಯಲು ಮೋಡದ ಎರಡು ಕೆಲಸಗಳನ್ನು ನೆನಪಿಸಿಕೊಳ್ಳಬೇಕು. ಮೋಡ ಹಗಲಿನ ಕೊಡೆ, ಬಿಸಿಲನ್ನು ತಡೆಯುತ್ತದೆ. ಮೋಡ ಕಂಬಳಿಯೂ ಹೌದು. ನೆಲ ಹೊರಸೂಸಿದ ಶಾಖವನ್ನು ಹೀರಿ ಕೆಳಕ್ಕೆ ಮರಳಿಸುತ್ತದೆ. ಮಾದರಿಯಲ್ಲಿ ಮೋಡ ಕಡಿಮೆಯಾದರೆ, ಅಥವಾ ತೀರ ತೆಳುವಾದರೆ, ಕೊಡೆಯೂ ಇಲ್ಲ ಕಂಬಳಿಯೂ ಇಲ್ಲ. ಹೆಚ್ಚು ಬಿಸಿಲು ಬಂದು, ಹೆಚ್ಚು ಶಾಖ ಹೋಗಿ, ಒಟ್ಟು ಲೆಕ್ಕ ಸರಿಯ ಹತ್ತಿರ ಬಂದುಬಿಡಬಹುದು. ಆಗ ಉಷ್ಣತಾಮಾಪಕ ಪ್ರಮಾಣಪತ್ರ ಕೊಡುತ್ತದೆ. ಮೋಡ ಮಾತ್ರ ಇರುವುದಿಲ್ಲ. ಗಣಿತದ ಪತ್ರಿಕೆ ತಿದ್ದುವ ಅಧ್ಯಾಪಕರಿಗೆ ಇದು ಹೊಸದಲ್ಲ: ಎರಡು ಕಡೆ ಚಿಹ್ನೆ ತಪ್ಪಿಸಿ ಸರಿಯಾದ ಉತ್ತರ ತಲಪಿದ ವಿದ್ಯಾರ್ಥಿ. ಹಂತಗಳನ್ನು ನೋಡದೆ ಕೊನೆಯ ಸಾಲಿಗೆ ಅಂಕ ಕೊಟ್ಟರೆ ಅವನು ಉತ್ತೀರ್ಣ. ಲಾರ್ಸೆನ್‌ನಲ್ಲಿ ಮಾತ್ರ ದೋಷಗಳು ಪೂರ್ತಿ ಅಳಿಸಿಹೋಗಲಿಲ್ಲ. ಎರಡು ಮಾದರಿಗಳಲ್ಲಿ ಹಿಮ ಕರಗಿಸಲು ಬೇಕಾದುದಕ್ಕಿಂತ ಹೆಚ್ಚು ಶಕ್ತಿ ಉಳಿಯಿತು, ಒಂದರಲ್ಲಿ ಕಡಿಮೆ ಬಿದ್ದಿತು. ಹಿಮ ಕರಗುವ ಪ್ರಮಾಣಕ್ಕೆ ಮಾದರಿಗಳು ಕೊಡುವ ಸಂಖ್ಯೆಗಳನ್ನು ಎಚ್ಚರದಿಂದ ಬಳಸಬೇಕೆಂದು ಅವರು ಬರೆದರು.

ಮೋಡ ಏಕೆ ತೆಳುವಾಗುತ್ತದೆ? ಸೊನ್ನೆ ಡಿಗ್ರಿಗಿಂತ ಎಷ್ಟೋ ಕೆಳಗೆ ಹೋದರೂ ಹೆಪ್ಪುಗಟ್ಟದೆ ಉಳಿಯುವ ನೀರಹನಿಗಳು ಅಂಟಾರ್ಕ್ಟಿಕದ ಮೋಡಗಳಲ್ಲಿರುತ್ತವೆ. ಹಿಮಕಣ ಕಟ್ಟಿಕೊಳ್ಳಲು ಬೇಕಾದ ಧೂಳಿನಂತಹ ಬೀಜಕಣಗಳು ಅಲ್ಲಿನ ಶುದ್ಧ ಗಾಳಿಯಲ್ಲಿ ವಿರಳ. ಹನಿಗಳ ಮೋಡ ವಿಕಿರಣಕ್ಕೆ ದಟ್ಟ. ಅಷ್ಟೇ ನೀರು ಕೆಲವೇ ದೊಡ್ಡ ಹಿಮಕಣಗಳಾದರೆ ಮೋಡ ಪಾರದರ್ಶಕವಾಗುತ್ತದೆ, ಬೇಗ ಉದುರಿಯೂ ಹೋಗುತ್ತದೆ. ಪಶ್ಚಿಮ ಅಂಟಾರ್ಕ್ಟಿಕದಲ್ಲಿ 2015–16ರ ಬೇಸಿಗೆಯ ವಿಶೇಷ ವೀಕ್ಷಣೆಗಳನ್ನು ಆಧರಿಸಿ ಒಹಾಯೊ ತಂಡ 2019ರಲ್ಲಿ ಪ್ರಕಟಿಸಿದ ಅಧ್ಯಯನ ಇದನ್ನೇ ಎತ್ತಿ ತೋರಿಸಿತು. ಆಂಪ್ಸ್ ಬಳಸುತ್ತಿದ್ದ ಸರಳ ಮೋಡಸೂತ್ರ ಈ ದ್ರವನೀರನ್ನು ಸಾಕಷ್ಟು ಉಳಿಸಿಕೊಳ್ಳುವುದಿಲ್ಲ. ಹೆಚ್ಚು ವಿವರವಾದ ಸೂತ್ರಗಳು ಉತ್ತಮ.

ಹಾಗಾದರೆ ಉತ್ತಮವಾದುದನ್ನೇ ಏಕೆ ಬಳಸಲಿಲ್ಲ? ಗಡಿಯಾರ ಅಡ್ಡ ಬರುತ್ತದೆ. ವಿವರವಾದ ಸೂತ್ರ ಹನಿಗಳ ತೂಕದ ಜೊತೆ ಸಂಖ್ಯೆಯನ್ನೂ ಪ್ರತಿ ಚೌಕದಲ್ಲಿ, ಪ್ರತಿ ಹೆಜ್ಜೆಯಲ್ಲಿ ಲೆಕ್ಕವಿಡಬೇಕು. ನೈಜಕಾಲದ ವ್ಯವಸ್ಥೆಯನ್ನು ನಡೆಸುವವರ ಮುಂದೆ ಇರುವುದು ಒಂದೇ ಗಣಕ, ಒಂದೇ ಹೊತ್ತು. ಅದನ್ನು ನವಿರಾದ ಜಾಲಕ್ಕೆ ಖರ್ಚು ಮಾಡಬೇಕೇ, ಮೇಲಾದ ಮೋಡಕ್ಕೆ ಖರ್ಚು ಮಾಡಬೇಕೇ? ಜಾಲದ ಅಂತರ 30, 20, 15, 10 ಕಿಮೀ ಎಂದು ಇಳಿಯುತ್ತ ಬಂದ ದಾಖಲೆ ನೋಡಿದರೆ ಆಯ್ಕೆ ಎತ್ತ ವಾಲಿತು ಎಂಬುದು ಸ್ಪಷ್ಟ. ಈ ಆಯ್ಕೆಗೆ ಅಂಕಪಟ್ಟಿಯೂ ಸ್ವಲ್ಪ ಹೊಣೆ ಎಂದು ನನ್ನ ಊಹೆ. ಗಾಳಿಗೂ ಉಷ್ಣತೆಗೂ ಅಂಕವಿದ್ದು, ಮೋಡಕ್ಕೆ ಅಂಕವಿಲ್ಲದಿದ್ದರೆ ಯಾರಾದರೂ ಯಾವುದನ್ನು ಓದಿಕೊಳ್ಳುತ್ತಾರೆ?

ಇದೆ ಅಥವಾ ಇಲ್ಲ

ರನ್‌ವೇ ಮೇಲೆ ಮಂಜು ಇರುತ್ತದೆಯೇ ಇಲ್ಲವೇ ಎಂಬ ಪ್ರಶ್ನೆಗೆ ಸಹಸಂಬಂಧ ಗುಣಾಂಕ ಉತ್ತರವಲ್ಲ. ಅದಕ್ಕೆ ಬೇರೆಯೇ ಬಗೆಯ ಲೆಕ್ಕ ಬೇಕು. ಇದಕ್ಕೊಂದು ಪ್ರಸಿದ್ಧ ಪೂರ್ವಕಥೆಯಿದೆ. 1884ರಲ್ಲಿ ಅಮೆರಿಕದ ಜಾನ್ ಫಿನ್ಲಿ ಸುಂಟರಗಾಳಿಯ ಮುನ್ಸೂಚನೆಗಳನ್ನು ಕೊಟ್ಟು, ಶೇಕಡ 96.6ರಷ್ಟು ಸರಿ ಎಂದು ಪ್ರಕಟಿಸಿದನು. ಒಟ್ಟು ಮುನ್ಸೂಚನೆಗಳು 2,803. ಸುಂಟರಗಾಳಿ ಬರುತ್ತದೆ ಎಂದು ಹೇಳಿ ಬಂದದ್ದು 28 ಬಾರಿ. ಹೇಳಿಯೂ ಬಾರದ್ದು 72. ಹೇಳದೆ ಬಂದದ್ದು 23. ಹೇಳದೆ, ಬಾರದೆ ಇದ್ದದ್ದು 2,680. ವಿಮರ್ಶಕರು ಕೂಡಲೇ ತೋರಿಸಿದರು: ಪ್ರತಿದಿನವೂ ಸುಂಟರಗಾಳಿ ಇಲ್ಲ ಎಂದು ಕಣ್ಣು ಮುಚ್ಚಿ ಹೇಳಿದ್ದರೆ ಶೇಕಡ 98.2 ಸರಿಯಾಗುತ್ತಿತ್ತು.

ದಟ್ಟಮಂಜೂ ಹಾಗೆಯೇ ವಿರಳ ಘಟನೆ. ಮಂಜಿಲ್ಲದ ದಿನಗಳನ್ನು ಮಂಜಿಲ್ಲ ಎಂದು ಹೇಳಿ ಗಳಿಸಿದ ಅಂಕಕ್ಕೆ ಬೆಲೆ ಕಡಿಮೆ. ಬೇಕಾದುದು ಆ ನಾಲ್ಕು ಮನೆಗಳ ಪಟ್ಟಿ, ಅದೂ ವಿಮಾನ ಮರಳಬಹುದಾದ ಕೊನೆಯ ಬಿಂದುವನ್ನು ದಾಟುವ ಹೊತ್ತಿಗೆ ಕೈಯಲ್ಲಿದ್ದ ಮುನ್ಸೂಚನೆಯನ್ನು ಆಧರಿಸಿದ ಪಟ್ಟಿ. ಹೇಳದೆ ಬಂದ ಮಂಜಿನ ಬೆಲೆ ಪ್ರಾಣ. ಹೇಳಿ ಬಾರದ ಮಂಜಿಗೂ ಬೆಲೆಯಿದೆ: ಅರ್ಧ ದಾರಿಯಿಂದ ಹಿಂದಿರುಗಿದ ವಿಮಾನ, ಸುಟ್ಟ ಇಂಧನ, ಕಳೆದುಹೋದ ಒಂದು ದಿನದ ಸಂಶೋಧನೆ. ಎರಡು ಬೆಲೆಗಳೂ ಒಂದೇ ಅಲ್ಲವಾದ್ದರಿಂದ ಎರಡು ತಪ್ಪುಗಳನ್ನೂ ಒಂದೇ ಸಂಖ್ಯೆಯಲ್ಲಿ ಕರಗಿಸಬಾರದು. ಮೆಕ್‌ಮರ್ಡೊದ ಮಂಜಿನ ಬಗ್ಗೆ ಅಧ್ಯಯನಗಳು ಇಲ್ಲವೆಂದಲ್ಲ. ಅವು ಅಂಚಿನಲ್ಲಿವೆ, ಮುಖ್ಯ ಅಂಕಪಟ್ಟಿಯಲ್ಲಿಲ್ಲ ಎಂಬುದು ನನ್ನ ಎರಡನೆಯ ಆಕ್ಷೇಪ.

ಮೂರನೆಯದೂ ಒಂದಿದೆ, ಚಿಕ್ಕದು. ಎರಡು ದಶಕಗಳಲ್ಲಿ ಮಾದರಿ ಬದಲಾಯಿತು, ಜಾಲ ಬದಲಾಯಿತು, ವೀಕ್ಷಣೆಗಳನ್ನು ಸೇರಿಸುವ ವಿಧಾನ ಬದಲಾಯಿತು, ಮೂಲವಾದ ಜಾಗತಿಕ ಮಾದರಿಯೂ ಸುಧಾರಿಸಿತು. ಅಂಕ ಏರಿದರೆ ಯಶಸ್ಸು ಯಾರದು? ಹಳೆಯ ಒಂದು ರೂಪವನ್ನು ಬದಲಿಸದೆ ಪಕ್ಕದಲ್ಲಿ ಓಡಿಸುತ್ತಿದ್ದರೆ ಮಾತ್ರ ಹೇಳಲಾದೀತು. ಅದಕ್ಕೂ ಗಣಕದ ಹೊತ್ತು ಬೇಕು, ನಿಜ.

ನಮ್ಮ ನೆಲೆಗಳು

ಅಂಟಾರ್ಕ್ಟಿಕದಲ್ಲಿ ಭಾರತದ ಎರಡು ನೆಲೆಗಳಿವೆ. 1989ರ ಮೈತ್ರಿ ಮತ್ತು 2012ರ ಭಾರತಿ. ನಡುವೆ ಸುಮಾರು 3,000 ಕಿಮೀ. ಭಾರತದ ಹವಾಮಾನ ಇಲಾಖೆ ಇವುಗಳಿಗಾಗಿ ಧ್ರುವೀಯ ಡಬ್ಲ್ಯುಆರ್‌ಎಫ್ ಮಾದರಿಯನ್ನು 15 ಕಿಮೀ ಜಾಲದಲ್ಲಿ ಅಳವಡಿಸಿತು. ಮೈತ್ರಿ ಪ್ರದೇಶದ ಮೇಲಿನ ಪ್ರಯೋಗದ ವಿವರ 2012ರಲ್ಲಿ, ಬೆಂಗಳೂರಿನ ಭಾರತೀಯ ವಿಜ್ಞಾನ ಅಕಾಡೆಮಿ ಹೊರತರುವ ಭೂವ್ಯವಸ್ಥಾ ವಿಜ್ಞಾನದ ನಿಯತಕಾಲಿಕದಲ್ಲಿ ಬಂದಿದೆ. ಇಲ್ಲೂ ಅಳತೆಯ ಪ್ರಶ್ನೆ ಬಿಡದು. ಮೈತ್ರಿ ಇರುವುದು ಶಿರ್ಮಾಕರ್ ಎಂಬ ಬರಿಬಂಡೆಯ ಓಯಸಿಸ್‌ನಲ್ಲಿ. ಅದರ ವಿಸ್ತೀರ್ಣ ಸುಮಾರು 35 ಚದರ ಕಿಮೀ. 15 ಕಿಮೀ ಜಾಲದ ಒಂದು ಚೌಕವೇ 225 ಚದರ ಕಿಮೀ. ಬೇಸಿಗೆಯ ಬಿಸಿಲಿಗೆ ಕಾಯುವ ಕಪ್ಪು ಬಂಡೆಯ ಮೇಲೆ ನಮ್ಮ ಉಷ್ಣತಾಮಾಪಕ ಇದೆ. ಮಾದರಿಯ ಚೌಕದ ಬಹುಭಾಗ ಬಿಳಿ ಹಿಮ. ಇವೆರಡನ್ನು ಹೋಲಿಸಿ ಬಂದ ವ್ಯತ್ಯಾಸವನ್ನು ಮಾದರಿಯ ದೋಷ ಎನ್ನುವ ಮೊದಲು ನಾವು ಹೋಲಿಸಿದ್ದು ಒಂದೇ ಜಾಗವನ್ನೇ ಎಂದು ಕೇಳಿಕೊಳ್ಳಬೇಕು. ಹಿಮದ ಮೇಲೆ, ಓಯಸಿಸ್‌ನಿಂದ ಆಚೆ, ಕೆಲವು ಸ್ವಯಂಚಾಲಿತ ಕೇಂದ್ರಗಳಿದ್ದರೆ ಈ ತೊಡಕು ಬಿಡಿಸಬಹುದು.

ಹೆಚ್ಚು ಅಳತೆಗಳಿಂದ ಪ್ರಯೋಜನವಿದೆಯೇ ಎಂದು ನೋಡಲು ಅಂತರರಾಷ್ಟ್ರೀಯ ಪ್ರಯತ್ನವೊಂದು ನಡೆದಿದೆ. ಧ್ರುವ ಮುನ್ಸೂಚನಾ ವರ್ಷದ ಅಂಗವಾಗಿ 2018ರ ನವೆಂಬರ್ 16ರಿಂದ 2019ರ ಫೆಬ್ರವರಿ 15ರವರೆಗೆ ಹಲವು ದೇಶಗಳು ವಾಡಿಕೆಯ ಬಲೂನುಗಳಲ್ಲದೆ 2,000ಕ್ಕೂ ಹೆಚ್ಚು ರೇಡಿಯೊಸಾಂಡ್ ಬಲೂನುಗಳನ್ನು ಹಾರಿಸಿದವು. ಅವುಗಳನ್ನು ಸೇರಿಸಿ ಒಮ್ಮೆ, ಬಿಟ್ಟು ಒಮ್ಮೆ ಮಾದರಿಯನ್ನು ಓಡಿಸಿ ನೋಡುವುದು ಇಂತಹ ಪ್ರಯೋಗದ ಕ್ರಮ. ಪರೀಕ್ಷೆಯನ್ನು ಹೀಗೆ ಮೊದಲೇ ಯೋಜಿಸಿ, ಪ್ರಶ್ನೆಗೆ ತಕ್ಕ ಅಳತೆ ಮಾಡುವುದು ಇದ್ದ ಅಳತೆಗೆ ತಕ್ಕ ಪ್ರಶ್ನೆ ಕೇಳುವುದಕ್ಕಿಂತ ಎಷ್ಟೋ ಮೇಲು.

ಕಾಲೇಜು ವಿದ್ಯಾರ್ಥಿಗಳು ತಾವೇ ಮಾಡಬಹುದಾದ ಒಂದು ಕೆಲಸವಿದೆ. ಆಂಪ್ಸ್‌ನ ನಕ್ಷೆಗಳನ್ನು ಅಂತರಜಾಲದಲ್ಲಿ ಮುಕ್ತವಾಗಿ ಇಡುತ್ತ ಬಂದಿದ್ದಾರೆ. ವಿಮಾನ ನಿಲ್ದಾಣಗಳ ಗಂಟೆಗಂಟೆಯ ವರದಿಗಳೂ ಸಿಗುತ್ತವೆ. ಗೋಚರತೆ ಎಷ್ಟು ಮೀಟರು ಎಂದು ಅವುಗಳಲ್ಲಿ ಬರೆದಿರುತ್ತದೆ. ಒಂದು ತಿಂಗಳ ಕಾಲ ಮೆಕ್‌ಮರ್ಡೊದ 24 ಗಂಟೆ ಮುಂದಿನ ಮುನ್ಸೂಚನೆಯನ್ನು ಪ್ರತಿದಿನ ಬರೆದಿಡಿ. ಗಾಳಿ ಸೆಕೆಂಡಿಗೆ 10 ಮೀಟರು ದಾಟುವುದೇ, ಮೋಡ ತಗ್ಗಿನಲ್ಲಿ ಕವಿಯುವುದೇ ಎಂದು ಹೌದು, ಅಲ್ಲ ಎಂಬ ಎರಡೇ ಉತ್ತರ ಬರೆಯಿರಿ; ಮರುದಿನ ವರದಿ ನೋಡಿ ಫಿನ್ಲಿಯ ನಾಲ್ಕು ಮನೆಗಳನ್ನು ತುಂಬಿ. ಮುನ್ಸೂಚನೆಯನ್ನು ಫಲಿತಾಂಶ ತಿಳಿಯುವ ಮೊದಲೇ ಬರೆದಿಡುವುದು ಮುಖ್ಯ. ಗಾಳಿಯ ಪಟ್ಟಿಯನ್ನೂ ಮೋಡದ ಪಟ್ಟಿಯನ್ನೂ ಅಕ್ಕಪಕ್ಕ ಇಟ್ಟು, ಹೇಳದೆ ಬಂದವುಗಳ ಮನೆ ಯಾವುದರಲ್ಲಿ ದೊಡ್ಡದೆಂದು ನೋಡಿ.